ಬಸಿಯದ ನೀರು

ಬೇಯುವ ಕುಂಬಳಕಾಯಿಯ ವಾಸನೆ ಬಂದರೆ ಈಗಲೂ ನಾನು ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತೇನೆ. ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅದೊಂದು ಭಾನುವಾರ. ದೊಡ್ಡ ಜ್ವರದಿಂದ ಎದ್ದ ತಮ್ಮನಿಗೆ ನುಂಗುವ ಶಕ್ತಿ ಕುಂದಿತ್ತು.

"ನೀರು ಪೂರಾ ಬಸಿದು, ಉಗಿ ಆರಿದ ಮ್ಯಾಲೆ ಹಿಸುಕವ್ವಾ. ತೆಳ್ಳಗಾದ್ರ ಅವ್ನ ಉಸಿರಿಗೆ ಅಡ್ಡ ಹೋಗ್ತೈತಿ," ಎಂದು ಹೇಳಿ ಅವ್ವ ಬೆಂದ ಕುಂಬಳಕಾಯಿಯ ಪಾತ್ರೆಯನ್ನು ನನ್ನ ಮುಂದಿಟ್ಟು, ನೀರು ತರಲು ನಳಕ್ಕೆ ಹೋದಳು.

ಪಕ್ಕದ ಮನೆಯ ಟಿವಿಯಲ್ಲಿ ಸಿನಿಮಾ ಶುರುವಾಗಿತ್ತು. ನಾನು ಬಸಿಯದೆಯೇ ಹಿಸುಕಿ, ಗಂಜಿಯಂತಾದದ್ದನ್ನು ಅವನ ಬಾಯಿಗೆ ಸುರಿದೆ.

"ಜಲ್ದಿ ನುಂಗೋ!"

ಅವನು ಕೆಮ್ಮಿದ. ತುಟಿ ನೀಲಿಯಾಯಿತು. ಓಡಿಬಂದ ಅವ್ವ ಅವನನ್ನು ಬೋರಲು ಹಾಕಿ ಬೆನ್ನು ಬಡಿದಳು. ಕೊನೆಗೆ ಉಸಿರು ಬಂತು.

"ನೀರು ಬಸಿದಿದ್ದೇನ?"

"ಹೂಂ ಅವ್ವಾ."

"ಹಂಗಾರ ನಾನ ಭಾಳ ಬೇಯಿಸೀನಿ," ಎಂದು ಅವಳು ನನ್ನ ತಲೆ ಸವರಿದಳು.

ಅಂದಿನಿಂದ ಅವ್ವ ಕುಂಬಳಕಾಯಿಯನ್ನು ಅರ್ಧ ಬೇಯಿಸಿ, ಕೈ ನೋಯುವಂತೆ ಹಿಸುಕುತ್ತಿದ್ದಳು. ನಾನು ನೋಡುತ್ತ ಕುಳಿತಿರುತ್ತಿದ್ದೆ.