ಮೇಷ್ಟ್ರ ಕಾರಿನ ನಡುಕ

"ಇದು ತಾನಾಗಿ ಬಿಚ್ಕಂಡಿಲ್ಲ. ಯಾರೋ ಕಿತ್ತವ್ರೆ" ಎಂದ ಭೀಮರಾಜು, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಮಧುಗಿರಿಯ ನಿವೃತ್ತ ಹೆಡ್‌ಮಾಸ್ಟರ್ ಸಿದ್ದಗಂಗಯ್ಯನವರ ಕಪ್ಪು ಅಂಬಾಸಿಡರ್ ಶಿರಾದ ಅವನ ಗ್ಯಾರೇಜಿಗೆ ಬಂದದ್ದು ಆ ತಿಂಗಳಲ್ಲಿ ಇದು ಮೂರನೇ ಸಲ. ಕಾಯಿಲೆ ಅದೇ. ಎ.ಸಿ. ಹಾಕಿಕೊಂಡು ಗಾಡಿ ನಿಲ್ಲಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಹಂಪ್ ಬಂದಲ್ಲೆಲ್ಲ ಆಫ್ ಆಗುತ್ತದೆ. ಎ.ಸಿ. ಆರಿಸಿ ಕಿಟಕಿ ಇಳಿಸಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ಎ.ಸಿ. ಎಂದರೆ ಇಂಜಿನ್ನಿಗೆ ಹೊರೆ. ನಿಂತ ಗಾಡಿ ಆ ಹೊರೆ ತಡೆಯಲೆಂದು ಆಕ್ಸಿಲರೇಟರನ್ನು ಒಂಚೂರು ಎತ್ತಿ ಹಿಡಿಯುವ ಪುಟ್ಟ ಡಬ್ಬಿಯೊಂದಿದೆ; ಆ ಡಬ್ಬಿಗೆ ಬೆರಳುದ್ದದ ರಬ್ಬರ್ ಪೈಪು. ಮೊದಲ ಸಲ ಪ್ಲಗ್ಗು, ಕಾರ್ಬೊರೇಟರ್ ಎಲ್ಲ ಬಿಚ್ಚಿ ತೊಳೆದ ಮೇಲೆ ಪೈಪು ಕಳಚಿದ್ದು ಕಂಡಿತ್ತು. ಸಡಿಲವಾಗಿತ್ತೇನೋ ಎಂದು ಸಿಕ್ಕಿಸಿ ಕಳಿಸಿದ್ದ. ಎರಡನೇ ಸಲವೂ ಕಳಚಿತ್ತು. ಕ್ಲಿಪ್ ಹಾಕಿ ಸ್ಕ್ರೂ ಬಿಗಿದಿದ್ದ. ಈಗ ಕ್ಲಿಪ್ಪೂ ಬಿಚ್ಚಿದೆ, ಸ್ಕ್ರೂ ತಲೆಯ ಮೇಲೆ ಚಾಕುವಿನ ಗೀರು. ರಬ್ಬರ್ ಪೈಪಿಗೆ ಚಾಕು ಹಿಡಿಯಲು ಬರುವುದಿಲ್ಲ ಎಂಬಷ್ಟು ವಿಜ್ಞಾನ ಭೀಮರಾಜುವಿಗೂ ಗೊತ್ತಿತ್ತು.

ಮೇಷ್ಟ್ರು ಪಕ್ಕದಲ್ಲೇ ನಿಂತು ಏನೋ ಹೇಳುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಲಾರಿಯ ತಗಡಿನ ಮೇಲೆ ಸುತ್ತಿಗೆ ಬೀಳುತ್ತಿತ್ತು. ಭೀಮರಾಜು ಎಂದಿನಂತೆ ಕೇಳಿಸದ ಮಾತಿಗೆಲ್ಲ ತಲೆಯಾಡಿಸಿದ. ಕೊನೆಯದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಹಳೇ ಗಾಡಿಗಳ ಡಾಕ್ಟರ್ ಅಂತ ಬೋರ್ಡ್ ಬೇರೆ ಕೇಡು!"

ಎದೆಗೆ ಚುಚ್ಚಿದ ಹಾಗಾಯಿತು. ಮೂವತ್ತು ವರ್ಷದಿಂದ ಆ ಬೋರ್ಡೇ ಅವನ ಮಾನ. ಪಾವಗಡದಿಂದ ಬುಕ್ಕಾಪಟ್ಟಣದವರೆಗೆ ಹಳೇ ಗಾಡಿ ಕೆಮ್ಮಿದರೆ ಜನ ಅವನ ಹೆಸರು ಹೇಳುತ್ತಿದ್ದರು. ಎದುರಿನ ಟೀ ಅಂಗಡಿಯವರು ಲೋಟ ಕೆಳಗಿಟ್ಟು, ಕಿವಿ ನಿಮಿರಿಸಿಕೊಂಡು ಕೂತಿದ್ದರು. ಪುಕ್ಕಟೆ ತಮಾಷೆ ಯಾರು ಬಿಡುತ್ತಾರೆ?

"ಇವತ್ತು ನಾನೇ ಮಧುಗಿರಿಗಂಟ ಕೂತ್ಕಂಡು ಬತ್ತೀನಿ ಸಾ" ಎಂದ ಭೀಮರಾಜು, ಎಲ್ಲರಿಗೂ ಕೇಳುವಂತೆ. "ದಾರೀಲಿ ಒಂದ್ಸಲ ನಡುಗಿದ್ರೂ ಬೋರ್ಡ್ ಇಳಿಸ್ಬುಡ್ತೀನಿ."

ಅವನ ಅನುಮಾನ ಡ್ರೈವರ್ ದಾಸಯ್ಯನ ಮೇಲೆ. ಆ ಮುಖವೇ ಸಾಲದೆ? ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಕಿವಿಗೆ ಹತ್ತಿ ತುರುಕಿಕೊಂಡಿದ್ದಾನೆ, ಶೀತವಂತೆ. ಕಳ್ಳನಿಗೊಂದು ಪಿಳ್ಳೆ ನೆವ.

ಭೀಮರಾಜು ಪೈಪು ಸಿಕ್ಕಿಸಿ, ಹೊಸ ಕ್ಲಿಪ್ ಬಿಗಿದ. ಬಿಳೀ ಸೀಟು ಕೊಳೆಯಾದೀತೆಂದು ಕೈ ಉಜ್ಜಿ ತೊಳೆದು, ಒಗೆದ ಅಂಗಿ ತೊಟ್ಟು, ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ದಾಸಯ್ಯನ ಪಕ್ಕ ಕೂತ. ಹಿಂದೆ ಮೇಷ್ಟ್ರು. ಅವರ ಪಕ್ಕ ಹೆಂಡತಿ ವನಜಾಕ್ಷಮ್ಮ, ಬಾಯಿ ಬಿಟ್ಟರೆ ಮುತ್ತು ಉದುರೀತೇನೋ ಎಂಬಂತೆ.

ಕಿಟಕಿ ಏರಿತು. ಎ.ಸಿ. ತಣ್ಣಗೆ ಬೀಸಿತು. ಮೇಷ್ಟ್ರು ಮುಂದಕ್ಕೆ ಬಾಗಿ ತಮ್ಮ ಸರ್ವಿಸ್ಸಿನ ಕಥೆ ತೆಗೆದರು. ಮೊದಲ ಪೋಸ್ಟಿಂಗು ಪಾವಗಡದ ಕಡೆ, 1978. ಆಗಿನ ಹಾಜರಿ ಪುಸ್ತಕದ ರಟ್ಟಿನ ಬಣ್ಣ. ತೆಲುಗು ಹುಡುಗರ ಬಾಯಲ್ಲಿ ಸವರ್ಣದೀರ್ಘ ಸಂಧಿ ಹೇಳಿಸಿದ್ದು. ಇನ್ಸ್‌ಪೆಕ್ಟರು ಕೇಳಿದ್ದು, ಇವರು ಕೊಟ್ಟ ಉತ್ತರ, ಅದಕ್ಕೆ ಅವರು ಬೆವತದ್ದು.

"ಕೇಳ್ತಾ ಇದ್ದೀಯೇನಯ್ಯಾ?" ಎಂದು ನಡುನಡುವೆ ಹೆಗಲಿಗೊಂದು ಏಟು.

ಭೀಮರಾಜುವಿನ ಕಣ್ಣು ದಾಸಯ್ಯನ ಕೈ ಮೇಲೆ. ದಾರಿಯಲ್ಲಿ ಬೇಕೆಂದೇ ಎರಡು ಕಡೆ ನಿಲ್ಲಿಸಲು ಹೇಳಿ ನೋಡಿದ. ಇಂಜಿನ್ ಹಾಲು ಕುಡಿದ ಮಗುವಿನ ಹಾಗೆ ಮಲಗಿತ್ತು. ಬೋರ್ಡ್ ಉಳಿದ ಹಾಗೇ.

ಬಡವನಹಳ್ಳಿ ಬರುವಷ್ಟರಲ್ಲಿ ಅರ್ಧ ದಾರಿ ಸವೆದಿತ್ತು. ಮೇಷ್ಟ್ರ ಸರ್ವಿಸ್ಸು 1981ಕ್ಕೆ ಬಂದಿತ್ತು. ಅವರು ರಿಟೈರಾದದ್ದು 2014ರಲ್ಲಿ.

ಎಳನೀರಿಗೆಂದು ಗಾಡಿ ನಿಲ್ಲಿಸಿದರು. ಮೇಷ್ಟ್ರು ಇಳಿದು ಹೋಗಿ, 1981ನ್ನು ಎಳನೀರಿನವನಿಗೆ ಮುಂದುವರಿಸಿದರು. ದಾಸಯ್ಯ ಹುಣಸೆಮರದ ಮರೆಗೆ ಹೋದ. ವನಜಾಕ್ಷಮ್ಮ ಕೂತಲ್ಲೇ ಕೂತಿದ್ದರು. ಹತ್ತು ನಿಮಿಷ ಕಳೆದು ಎಲ್ಲರೂ ಮತ್ತೆ ಹತ್ತಿ ಕಿಟಕಿ ಏರಿಸಿದರು. ದಾಸಯ್ಯ ಎ.ಸಿ. ಹಾಕಿದ.

ಗಡಗಡಗಡ ನಡುಗಿ ಗಾಡಿ ಆಫ್ ಆಯಿತು.

"ನೋಡಿದ್ಯಾ! ನಾನೇನು ಹೇಳ್ದೆ?" ಮೇಷ್ಟ್ರ ದನಿಯಲ್ಲಿ ಗೆದ್ದ ಖುಷಿ.

"ನಮ್ಮವ್ವನಾಣೆ ನಾನಲ್ಲ ಕಣಣ್ಣ" ಎಂದ ದಾಸಯ್ಯ, ಅಳುವಂತಾಗಿ.

"ನೀನಲ್ಲ ಬುಡಪ್ಪ" ಎಂದು ಭೀಮರಾಜು ಇಳಿದ. ಬಾನೆಟ್ ಎತ್ತಿ, ಏನನ್ನೂ ಮುಟ್ಟದೆ ಒಂದು ಗಳಿಗೆ ನೋಡಿ, ಮುಚ್ಚಿದ. ಮೇಷ್ಟ್ರ ಕಿಟಕಿಯ ಹತ್ತಿರ ಬಂದು ಕೈಮುಗಿದ.

"ಪೈಪು ಅಲ್ಲೇ ಐತೆ ಸಾ. ಈ ಗಾಡಿಗೆ ಎ.ಸಿ. ಒಗ್ಗಲ್ಲ, ಅಷ್ಟೇಯ. ನನ್ ಕೈಲಲ್ಲ, ಯಾರ ಕೈಲೂ ಆಗಾಕಿಲ್ಲ. ನಾಳೆನೇ ಬೋರ್ಡ್ ಇಳಿಸ್ತೀನಿ." ಮೂವತ್ತು ವರ್ಷದ ಹೆಸರು ಅಲ್ಲಿಗೆ ಮುಗಿಯಿತು.

ನಾಲ್ಕೂ ಕಿಟಕಿ ಇಳಿದವು. ಕೆಂಡದಂಥ ಗಾಳಿ ಭರ್ರೆಂದು ನುಗ್ಗಿತು. ಮೇಷ್ಟ್ರ ತುಟಿ ಆಡುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಎಷ್ಟನೇ ಇಸವಿಯೋ, ಗಾಳಿಗೇ ಗೊತ್ತು. ಮಧುಗಿರಿಯವರೆಗೆ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ.

ಮನೆ ಮುಟ್ಟಿದೊಡನೆ ಮೇಷ್ಟ್ರು ಒಳಗೆ ಹೋದರು. ಭೀಮರಾಜು ಅಂಗಳದ ನಲ್ಲಿ ತಿರುಗಿಸಿ, ಸೋಪು ಹಿಡಿದು ಮಸಿ ಹತ್ತಿದ ಬೆರಳು ಉಜ್ಜತೊಡಗಿದ. ವನಜಾಕ್ಷಮ್ಮ ಕೊಬ್ಬರಿ ಎಣ್ಣೆ ಬಾಟಲಿ ತಂದು ಅವನ ಮುಂದಿಟ್ಟು, ಆ ದಿನದಲ್ಲಿ ಮೊದಲ ಸಲ ಬಾಯಿಬಿಟ್ಟರು.

"ಪೈಪು ಕಿತ್ತ ಮಸಿ ಬರೀ ಸೋಪಿಗೆ ಹೋಗಲ್ಲ ಕಣಪ್ಪ, ಮೊದ್ಲು ಎಣ್ಣೆ ಹಚ್ಚು. ಮೂರು ಸಲ ಕಿತ್ತೋಳು ನಾನು, ನಂಗೊತ್ತು."