ಇವರಿಗೆ ಹೇಳಿ

ಕೇಬಲ್ ಕಾರಿನ ಬಾಗಿಲು ಮುಚ್ಚಿಕೊಂಡದ್ದೇ ತಡ, ಹೆಂಡತಿ, ಎದುರಿಗೆ ಕೂತಿದ್ದ ಅಪರಿಚಿತರೊಬ್ಬರ ಕಡೆ ತಿರುಗಿ, "ಸ್ವಲ್ಪ ಇವರಿಗೆ ಹೇಳ್ತೀರಾ? ಸಂಜೆ ಬಸ್ಸಿಗೆ ನಾನು ಊರಿಗೆ ಹೊರಟೆ ಅಂತ," ಎಂದಳು.

ಇವರು ಅಂದರೆ ಅವಳ ಗಂಡ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಅವಳ ಪಕ್ಕದಲ್ಲೇ ಕೂತಿದ್ದ. ಅಪರಿಚಿತರು ಆ ಬೆಟ್ಟದೂರಿನ ಹಲ್ಲಿನ ಡಾಕ್ಟರು; ತೊಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಾಗಂತ ಬರೆದೂ ಇತ್ತು. ಬೆಟ್ಟದ ನೆತ್ತಿಯಲ್ಲಿ ಬಂದವರಿಗೆಲ್ಲ ದುರ್ಬೀನು ತೋರಿಸಿ ಜೀವನ ಮಾಡುವ ಮುದುಕನಿಗೆ ಹೊಸ ಹಲ್ಲಿನ ಸೆಟ್ಟು ಕೊಡಲು ಹೊರಟಿದ್ದರು. ಬಾಯಿ ಅಗಲಿಸಿಕೊಂಡೂ ಮಾತಾಡಲಾಗದವರ ನಡುವೆಯೇ ಆಯುಸ್ಸು ಕಳೆದವರಾದ್ದರಿಂದ ಅವರಿಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ.

"ನಿಮ್ಮ ಮನೆಯವರು ಸಂಜೆ ಬಸ್ಸಿಗೆ ಹೊರಟರಂತೆ," ಎಂದರು.

"ಕೇಳಿಸ್ತು. ಸುಖವಾಗಿ ಹೋಗ್ಲಿ ಅನ್ನಿ. ನಾನಿನ್ನೂ ಮ್ಯೂಸಿಯಂ ನೋಡಿಲ್ಲ."

ಬೆಳಿಗ್ಗೆ ಪೇಟೆಬೀದಿಯ ಕೆಫೆಯಲ್ಲಿ ಹೊತ್ತಿಕೊಂಡ ಕಿಡಿ ಇದು ಎಂದು ಇಬ್ಬರೂ ಸರದಿಯ ಮೇಲೆ ಡಾಕ್ಟರಿಗೆ ದೂರು ಹೇಳಿದರು. ಒಂದು ಗುಟುಕು ಕಾಫಿ ಕುಡಿದು ಕಣ್ಣು ಮುಚ್ಚಿದ ಗಂಡ, "ಆಹಾ! ಮದುವೆಯಾದ ಮೇಲೆ ಇವತ್ತೇ ನೋಡಪ್ಪ ನಾನು ಕಾಫಿ ಅಂತ ಕುಡಿದದ್ದು," ಎಂದು ಕಪ್ಪು ತಂದವನಿಗೆ ಹೇಳಿಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ತನ್ನ ಕಪ್ಪು ಮುಟ್ಟದೆ ಎದ್ದಳು. ಆಮೇಲೆ ಗಡಿಯಾರದ ಗೋಪುರ ನೋಡಿದರು, ಹೂದೋಟ ಸುತ್ತಿದರು. ಎದುರುಬದುರು ಇರುವ ಎರಡು ಹೆಸರಾಂತ ಸಿಹಿ ಅಂಗಡಿಗಳಿಗೂ ಹೋದರು. ಒಂದಕ್ಕೆ ಅವಳು, ಇನ್ನೊಂದಕ್ಕೆ ಅವನು. ಬಾಯಿಗೆ ಬಿದ್ದದ್ದೆಲ್ಲ ಸಿಹಿಯೇ. ಬಾಯಿಂದ ಮಾತ್ರ ಒಂದು ಅಕ್ಷರ ಹೊರಡಲಿಲ್ಲ.

"ನೀವು ಇಲ್ಲಿಯವರು, ನೀವೇ ಹೇಳಿ ಡಾಕ್ಟ್ರೇ," ಎಂದಳು ಹೆಂಡತಿ. "ಆ ಎರಡು ಅಂಗಡೀಲಿ ಯಾವುದು ಒಳ್ಳೇದು?"

"ಎರಡೂ ಚೆನ್ನಾಗಿರ್ಲಿ ತಾಯಿ. ನನ್ನ ಮನೆ ಒಲೆ ಉರೀತಿರೋದೇ ಅವರಿಂದ."

ಅಷ್ಟರಲ್ಲಿ ಕೇಬಲ್ ಕಾರು ಗಕ್ಕನೆ ನಿಂತಿತು. ಮುಂದೆ ಬೆಟ್ಟ, ಹಿಂದೆ ಊರು, ಕೆಳಗೆ ಮರದ ತುದಿಗಳು. ಗಾಜಿನ ಡಬ್ಬಿ ತೊಟ್ಟಿಲಿನಂತೆ ಅತ್ತಿತ್ತ ತೂಗಿತು. ಡಾಕ್ಟರ ತೊಡೆಯ ಮೇಲಿದ್ದ ಪೆಟ್ಟಿಗೆ ಬಿದ್ದು ಬಾಯಿ ತೆರೆಯಿತು; ಎರಡು ಸಾಲು ಹಲ್ಲು ಮೂವರನ್ನೂ ನೋಡಿ ನಕ್ಕವು. ಅವನ್ನು ಎತ್ತಿ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಡಾಕ್ಟರು ತಲೆ ಎತ್ತಿದರೆ, ಗಂಡ ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ. ಆ ಚಳಿಯಲ್ಲೂ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಯಜಮಾನ್ರಿಗೆ ಹುಷಾರಿಲ್ವಾ?"

"ಎತ್ತರ ಅಂದ್ರೆ ಇವರಿಗೆ ಜೀವ ಬಾಯಿಗೆ ಬರುತ್ತೆ. ಮನೇಲಿ ಬಲ್ಬ್ ಬದಲಾಯಿಸೋಕೆ ಸ್ಟೂಲ್ ಹತ್ತೋಳು ನಾನೇ."

"ಮತ್ತೆ ಇದನ್ನ ಯಾಕೆ ಹತ್ತಿದ್ರು?"

ಅವಳೂ ಅದನ್ನು ಆಗಷ್ಟೇ ಯೋಚಿಸಿದಂತಿತ್ತು. ದನಿ ತಗ್ಗಿಸಿ, "ಕೇಳಿ ನೋಡಿ," ಎಂದಳು.

ಗಂಡ ಕಣ್ಣು ತೆರೆಯಲಿಲ್ಲ. "ಮೇಲಿಂದ ಊರು ನೋಡ್ಬೇಕು ಅಂತ ತಿಂಗಳಿಂದ ಕುಣೀತಿದ್ಲು. ಒಬ್ಬಳೇ ಹೋದ್ರೆ ಫೋಟೋ ತೆಗೆಯೋರು ಯಾರು ಅಂತ ಕೇಳಿ."

ಡಾಕ್ಟರಿಗೆ ಇದು ಒಳ್ಳೆಯ ಗಳಿಗೆ ಅನ್ನಿಸಿತು. ನೋವಿರುವ ಕಡೆ ಮೊದಲು ಒಂದು ಇಂಜೆಕ್ಷನ್ ಕೊಡುವುದು ಅವರ ಕೈಗೆ ಹತ್ತಿದ ಅಭ್ಯಾಸ. ಗಂಟಲು ಸರಿಮಾಡಿಕೊಂಡು, "ನೀನಿಲ್ಲದೆ ನನಗೆ ಒಂದು ಕ್ಷಣ ಯುಗ ಆಗುತ್ತೆ, ನಿನಗೋಸ್ಕರ ಪ್ರಾಣ ಒತ್ತೆಯಿಟ್ಟು ಬಂದೆ, ನಿನ್ನ ಕೈಯ ಕಾಫಿಯೇ ನನಗೆ ಅಮೃತ, ಅಂತಿದ್ದಾರೆ ತಾಯಿ," ಎಂದರು.

ಹೆಂಡತಿ ತಟ್ಟನೆ ಪಕ್ಕಕ್ಕೆ ತಿರುಗಿದಳು.

"ರೀ! ನೀವು ಹಾಗಂದ್ರಾ?"

ಗಂಡನ ಕಣ್ಣು ಪಟ್ಟನೆ ತೆರೆಯಿತು. "ಇಲ್ಲ ಕಣೇ! ನಾನ್ಯಾಕೆ ಹಾಗನ್ಲಿ?"

"ಅದೇ ಮತ್ತೆ! ಇಷ್ಟು ವರ್ಷದಲ್ಲಿ ಒಂದು ದಿನ ಅಂಥ ಮಾತಾಡಿದವರಲ್ಲ. ಏನು ಡಾಕ್ಟ್ರೇ, ನಮ್ಮವರ ಬಾಯಲ್ಲಿ ಇಲ್ಲದ್ದನ್ನೆಲ್ಲ ತುರುಕ್ತೀರಲ್ಲ?"

"ಬಾಯಲ್ಲಿ ಇಲ್ಲದ್ದನ್ನ ಕೂರಿಸೋದೇ ನನ್ನ ಕಸುಬು ತಾಯಿ..."

"ಹಲ್ಲು ಕೂರಿಸಿ ಸ್ವಾಮಿ, ಮಾತು ಬೇಡ!" ಎಂದು ಗಂಡ ಗುಡುಗಿದ. "ಫೋಟೋ ವಿಷಯ ನಾನು ಹೇಳಿದ್ದು. ಅದನ್ನೇ ನುಂಗಿಬಿಟ್ರಿ."

"ಸರಿಯಾಗಿ ಕೇಳಿದ್ರಿ," ಎಂದಳು ಹೆಂಡತಿ.

ಕೇಬಲ್ ಕಾರು ಮತ್ತೆ ಹೊರಟದ್ದು ಡಾಕ್ಟರಿಗೆ ಮಾತ್ರ ಗೊತ್ತಾಯಿತು. ಗಂಡಹೆಂಡತಿ ಇಬ್ಬರೂ ಸೇರಿ ಅವರಿಗೆ, ಪರರ ಮಾತನ್ನು ತಿರುಚುವುದು ಎಂಥ ಕೆಟ್ಟ ಚಾಳಿ ಎಂದು ಬೆಟ್ಟದ ನೆತ್ತಿಯವರೆಗೂ ಬುದ್ಧಿ ಹೇಳಿದರು. ಒಬ್ಬರಿಗೆ ಉಸಿರು ಕಟ್ಟಿದರೆ ಇನ್ನೊಬ್ಬರು ಮುಂದುವರಿಸಿದರು.

ಮೇಲೆ ನೆಲದ ಮೇಲೆ ಕಾಲಿಟ್ಟದ್ದೇ ಗಂಡ ಘೋಷಿಸಿದ: "ಇನ್ನು ನನ್ನ ಹೆಣವೂ ಇದರಲ್ಲಿ ಇಳಿಯಲ್ಲ. ನಡೆದೇ ಹೋಗ್ತೀನಿ." ಬಂಡೆಗೆ ಬೆನ್ನು ಆನಿಸಿಕೊಂಡೇ ಅವಳ ಫೋಟೋ ತೆಗೆದ. ಅವಳು ಸೆರಗು ಸಿಕ್ಕಿಸಿಕೊಂಡು ಕಾಲುದಾರಿಯ ಕಡೆ ನಡೆದಳು. ಆ ದಾರಿಯಲ್ಲಿ ಇಳಿದರೆ ಸಂಜೆ ಬಸ್ಸು ಸಿಗುವ ಮಾತೇ ಇಲ್ಲ ಎನ್ನಲು ಬಾಯಿ ತೆರೆದ ಡಾಕ್ಟರು, ಯಾಕೆ ಬೇಕು ಎಂದುಕೊಂಡು ಮುಚ್ಚಿದರು.

ಮುದುಕನಿಗೆ ಹಲ್ಲು ಕೂರಿಸಿ, ಒಬ್ಬರೇ ಕೇಬಲ್ ಕಾರಿನಲ್ಲಿ ಇಳಿಯುವಾಗ ಅವರಿಗೆ ಆ ಇಬ್ಬರೂ ಕೆಳಗೆ ಕಂಡರು. ಕೈ ಬೀಸಿ ಬೀಸಿ ಜಗಳವಾಡುತ್ತ ಇಳಿಯುತ್ತಿದ್ದರು. ಗಾಜಿನಾಚೆಯ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಬಾಯಿ ಮಾತ್ರ ಇಬ್ಬರದೂ ಒಟ್ಟಿಗೇ ಆಡುತ್ತಿತ್ತು. ದಾರಿ ಕಡಿದಾದ ಕಡೆ ಅವಳು ಬೈಯುವುದನ್ನು ನಿಲ್ಲಿಸದೆಯೇ ಕೈ ಚಾಚಿದಳು. ಅವನು ಎದುರುತ್ತರ ಕೊಡುತ್ತಲೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.