ಹದಿನೈದು ಇಪ್ಪತ್ತೈದರ ಗಾಡಿ

ಅಳಿಯನಾಗಬೇಕಾದವನನ್ನು ಕಲ್ಯಾಣ್ ಸ್ಟೇಷನ್ನಿನಲ್ಲೇ ಕಳೆದುಕೊಂಡು, ಮುರಾರಿ ಸಂಜೆ ಆರೂವರೆಗೆ ಡೊಂಬಿವಲಿಯ ಮನೆಗೆ ಒಬ್ಬನೇ ಬಂದ.

"ಐದು ಇಪ್ಪತ್ತೈದಕ್ಕೆ ಸರಿಯಾಗಿ ಪ್ಲಾಟ್‌ಫಾರ್ಮಿನಲ್ಲಿದ್ದೆ ಮಾರಾಯ್ತಿ. ಒಬ್ಬರೂ ಇಳೀಲಿಲ್ಲ."

ಹೆಂಡತಿ ವೇದಾವತಿ ಅವನ ಕಿಸೆಯಿಂದ ಚೀಟಿ ಎಳೆದು ಮೂಗಿನೆದುರು ಹಿಡಿದಳು. ಬೆಳಿಗ್ಗೆ ಅವಳೇ ಬರೆದುಕೊಟ್ಟದ್ದು: 15:25. "ಹದಿನೈದು ಅಂದ್ರೆ ಮೂರು ಗಂಟೆ! ಇಪ್ಪತ್ತಾರು ವರ್ಷದಿಂದ ಬಡ್ಕೊಳ್ತಾ ಇದ್ದೇನೆ. ನಿಮ್ಮ ತಲೆಯಲ್ಲಿ ಎಂತ ಉಂಟು, ಸಾಂಬಾರಾ?"

ಅದು ಮುರಾರಿಯ ಹಳೇ ರೋಗ. ಅವನ ಪ್ರಕಾರ ಗಡಿಯಾರದಲ್ಲಿ ಇರುವುದು ಹನ್ನೆರಡೇ ಗಂಟೆ. ರೈಲ್ವೆಯವರು ಮುಂದೆ ಒಂದು ಸೇರಿಸುವುದು ಬರೀ ಡೌಲು. ಆ ಒಂದನ್ನು ಹೊಡೆದುಹಾಕಿದರೆ ಸಮಯ ಸಿಗುತ್ತದೆ. ಹದಿನಾರು ಅಂದರೆ ಆರು, ಹದಿನೇಳು ಅಂದರೆ ಏಳು. ಈ ಪಾಂಡಿತ್ಯದಿಂದ ಅವನು ತಂಗಿಯ ಸೀಮಂತ ತಪ್ಪಿಸಿಕೊಂಡಿದ್ದ; ಅತ್ತೆಯನ್ನು ಹಲಸಿನಹಣ್ಣಿನ ಸಮೇತ ಠಾಣೆ ಸ್ಟೇಷನ್ನಿನಲ್ಲಿ ಎರಡು ಗಂಟೆ ಕೂರಿಸಿದ್ದ. ತನ್ನ ಹೋಟೆಲಿನ ಇಡ್ಲಿ ಮಾತ್ರ ಒಂದು ದಿನವೂ ತಡವಾದದ್ದಿಲ್ಲ.

ಸಂಬಂಧ ತಂದವನು ಪುಣೆಯಲ್ಲಿರುವ ವೇದಾವತಿಯ ಅಣ್ಣ ವಸಂತಕುಮಾರ. ತಂದೆ ಹೋದ ಮೇಲೆ ಅವಳನ್ನು ಸಾಕಿ, ಧಾರೆ ಎರೆದು ಕೊಟ್ಟವನು. ಅವನು ತೋರಿಸಿದ ಗಂಡನ್ನು ಇವರು ಬೇಡ ಅನ್ನುವ ಹಾಗಿಲ್ಲ. ಅನ್ನುವುದಿದ್ದರೆ ಗಂಡಿನವರೇ ಅನ್ನಬೇಕು. ಅವರ ಷರತ್ತು ಒಂದೇ: ಮದುವೆಯಾದ ಮೇಲೆ ಮಗಳು ಅಪರ್ಣಾ ಬೇಲಾಪುರದ ಕೆಲಸ ಬಿಟ್ಟು ಮನೆಯಲ್ಲಿರಬೇಕು. ಅಪರ್ಣಾ ಮೂರು ದಿನ ಸರಿಯಾಗಿ ಉಣ್ಣದೆ ಅತ್ತಿದ್ದಳು. "ಅಣ್ಣನ ಮುಖಕ್ಕೆ ಮಸಿ ಬಳೀಬೇಡ" ಎಂದು ತಾಯಿ ಗದರಿಸಿದ್ದಳು.

ಮಧ್ಯಾಹ್ನದಿಂದ ಬದಿಗೆ ಬಿದ್ದಿದ್ದ ಫೋನಿನ ರಿಸೀವರನ್ನು ವೇದಾವತಿ ಈಗ ಎತ್ತಿ ಸರಿಯಾಗಿಟ್ಟಳು. ಇಟ್ಟದ್ದೇ ತಡ, ಗಂಟೆ ಬಾರಿಸಿತು.

"ಗಂಡಿನವರು ವಾಪಸ್ ಗಾಡಿ ಹತ್ತಿದ್ರಂತೆ!" ಅಣ್ಣನ ದನಿ ಹಾಲಿಗೆಲ್ಲ ಕೇಳಿಸಿತು. "ಮನೆಗೆ ಫೋನ್ ಮಾಡಿದ್ರೆ ಎಂಗೇಜು! ಕರ್ಕೊಂಡು ಹೋಗ್ಲಿಕ್ಕೆ ಜನ ಇಲ್ಲದ ಮನೆಯ ಹೆಣ್ಣು ಬೇಡವಂತೆ. ಮೂರು ಇಪ್ಪತ್ತೈದು ಅಂತ ಬಿಡಿಸಿ ಹೇಳಿದ್ದೆನಲ್ಲ, ಭಾವನಿಗೆ ಹದಿನೈದು ಅಂದವರು ಯಾರು?"

"ಟೈಮ್‌ಟೇಬಲಲ್ಲಿ ಹಾಗೆ ಉಂಟು ಅಣ್ಣ, ಹಾಗೇ ಬರೆದೆ. ಇವರ ಬುದ್ಧಿ ನಿಂಗೆ ಗೊತ್ತುಂಟಲ್ಲ. ಕಟ್ಕೊಂಡ ಮೇಲೆ ಅನುಭವಿಸ್ಬೇಕು." ವೇದಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುರಾರಿ ತಲೆ ತಗ್ಗಿಸಿ ಕೈಕಾಲು ತೊಳೆಯಲು ನಡೆದ. ಬಿಳಿ ಅಂಗಿಯ ಬೆನ್ನು ಪೂರ್ತಿ ಧೂಳಾಗಿತ್ತು.

ಅಪರ್ಣಾ ತಾಯಿಯ ಹಿಂದೆ ಅಡುಗೆಮನೆಗೆ ಹೋದಳು. ಬಾಣಲೆಯೊಳಗೆ ಇಣುಕಿ ಕೇಳಿದಳು, "ಅಮ್ಮಾ, ಐದು ಜನ ಗೆಸ್ಟ್ ಬರೋದಿತ್ತು. ಉಪ್ಪಿಟ್ಟು ನಮ್ಮ ಮೂವರಿಗೇ ಮಾಡಿದ್ದೀಯಲ್ಲ?"

"ಮತ್ತೆ? ಬಾರದವರಿಗೆ ಮಾಡಿ ರವೆ ದಂಡ ಮಾಡ್ಬೇಕಾ?" ವೇದಾವತಿಯ ಕಣ್ಣು ಒಣಗಿಯೇ ಇತ್ತು. ದನಿ ತಗ್ಗಿಸಿದಳು. "ನಿನ್ನಪ್ಪ ಒಂದನ್ನು ಹೊಡೆದುಹಾಕ್ತಾರೆ ಅಂತ ಊರಿಗೇ ಗೊತ್ತು. ನಾನು ಆ ಒಂದನ್ನು ಬರೆದುಕೊಟ್ಟೆ, ಅಷ್ಟೇ. ಸೋಮವಾರ ಸುಮ್ಮನೆ ಆಫೀಸಿಗೆ ಹೋಗು."

"ಕಮಾಲ್ ಹೈ ಯಾರ್, ಅಮ್ಮಾ!" ಅಪರ್ಣಾ ತಾಯಿಯನ್ನು ಬಾಚಿ ತಬ್ಬಿಕೊಂಡು ನಕ್ಕಳು, ಅತ್ತಳು.

"ಮೆಲ್ಲಗೆ! ನಿನ್ನಪ್ಪನಿಗೆ ಗೊತ್ತಾಗ್ಬಾರ್ದು. ಪಾಪದ ಜನ, ಬಾಯಲ್ಲಿ ಒಂದು ಮಾತು ನಿಲ್ಲೋದಿಲ್ಲ."

ಗಂಡನ ಮುಂದೆ ತಟ್ಟೆಯಿಡುವಾಗ ವೇದಾವತಿಗೆ ಒಳಗೊಳಗೇ ಸಂಕಟವಾಯಿತು. ಆದರೂ ಹಿಡಿದ ಪಾತ್ರ ಬಿಡುವ ಹಾಗಿರಲಿಲ್ಲ. "ತಿನ್ನಿ! ಅಂಥಾ ಸಂಭಾವಿತ ಹುಡುಗ, ಮೂರು ಇಪ್ಪತ್ತೈದರಿಂದ ಎರಡು ಗಂಟೆ ಕಾದನಂತೆ!"

"ಎಲ್ಲಿಯ ಎರಡು ಗಂಟೆ ಮಾರಾಯ್ತಿ," ಎಂದ ಮುರಾರಿ, ಬಾಯಿ ತುಂಬ ಉಪ್ಪಿಟ್ಟು. "ಈ ಸಲ ನಾನು ಮೂರಕ್ಕೇ ಹೋಗಿದ್ದೆ, ಗಾಡಿ ಬಂದದ್ದೇ ನಲವತ್ತು ನಿಮಿಷ ಲೇಟು, ಇಳಿದವನೇ ಅವನು ಜನರೆದುರು ಹೆತ್ತ ತಾಯಿಗೆ 'ಬಾಯಿ ಮುಚ್ಚು' ಅಂದ, ಮತ್ತೆ ನಾನು ಪಾರ್ಸೆಲ್ ಮೂಟೆಯ ಹಿಂದಿನಿಂದ ಹೊರಗೇ ಬರ್ಲಿಲ್ಲ."